ಹಾಲೊಗ್ರಾಮ್ ನೋಡಿ ಮಾತ್ರೆ ಕೊಳ್ಳಬಹುದೆ?

ನಿಮ್ಮಲ್ಲಿರುವ ಯಾವುದಾದರೊಂದು ಬ್ಯಾಂಕ್ ಕಾರ್ಡನ್ನು ತೆಗೆದು ನೋಡಿ. ಹಲವು ಕಾರ್ಡುಗಳ ಮೇಲೆ ಬೆಳ್ಳಿಯಂತೆ ಹೊಳೆಯುವ ಚಿಕ್ಕ ಚೌಕವೊಂದು ಇರುತ್ತದೆ. ಓರೆ ಮಾಡಿದರೆ ಅದರ ಬಣ್ಣ ಬದಲಾಗುತ್ತದೆ, ಒಳಗೆ ಆಳವಿದ್ದಂತೆ ತೋರುತ್ತದೆ. ಅದೇ ಹಾಲೊಗ್ರಾಮ್. ಪುಸ್ತಕ, ಬಿಡಿಭಾಗ, ಔಷಧಿ, ಎಲ್ಲದರ ಮೇಲೂ ಇಂದು ಇದು ಕುಳಿತಿದೆ. 'ಹಾಲೊಗ್ರಾಮ್ ಇದ್ದರೆ ಮಾತ್ರ ಅಸಲಿ' ಎಂಬ ಸೂಚನೆಯನ್ನೂ ನೀವು ಓದಿರಬಹುದು. ಈ ಚೌಕ ಕಾಪಾಡುವುದು ಯಾರನ್ನು? ಸರಕು ತಯಾರಿಸಿದವರನ್ನೋ, ಅದನ್ನು ಕೊಂಡವರನ್ನೋ? ಇಬ್ಬರ ಹಿತವೂ ಒಂದೇ ಎಂದು ನಾವು ಸಾಮಾನ್ಯವಾಗಿ ಭಾವಿಸಿಬಿಡುತ್ತೇವೆ. ಹಾಗೆ ಭಾವಿಸುವುದು ಎಷ್ಟು ಸರಿ ಎಂಬುದನ್ನು ಪರೀಕ್ಷಿಸಲು ಒಂದು ಸಂಶೋಧನಾ ಪ್ರಬಂಧವನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ.

ಆಗ್ನೇಯ ಏಷ್ಯಾದಲ್ಲಿ ನಡೆದ ನಕಲಿ ಆರ್ಟಿಸುನೇಟ್ ವ್ಯಾಪಾರದ ತನಿಖೆಯನ್ನು ಕುರಿತ ಈ ಪ್ರಬಂಧ 2008ರ ಫೆಬ್ರವರಿಯಲ್ಲಿ 'ಪ್ಲಾಸ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲ ಲೇಖಕರು ಪಾಲ್ ನ್ಯೂಟನ್. (ಹೆಸರು ಕಂಡು ಭೌತವಿಜ್ಞಾನದ ವಿದ್ಯಾರ್ಥಿಗಳು ಹಿಗ್ಗಬೇಡಿ, ಇವರು ವೈದ್ಯರು.) ಪೊಲೀಸರು, ರಸಾಯನ ವಿಜ್ಞಾನಿಗಳು, ಪರಾಗ ತಜ್ಞರು, ಆರೋಗ್ಯ ಕಾರ್ಯಕರ್ತರು ಕೂಡಿ ಬರೆದ ಇಂಥ ಪ್ರಬಂಧಗಳು ಅಪರೂಪ. ಆ ಪತ್ರಿಕೆ ಎಲ್ಲರಿಗೂ ಉಚಿತವಾಗಿ ಲಭ್ಯವಿರುವುದರಿಂದ ಉಪಾಧ್ಯಾಯರು ಇದನ್ನು ತರಗತಿಗೇ ಒಯ್ಯಬಹುದು.

ಕದ್ದದ್ದು ಸೂತ್ರವಲ್ಲ, ಹೆಸರು

ಮಂಗಳೂರಿನ ಓದುಗರಿಗೆ ಮಲೇರಿಯಾವನ್ನು ಪರಿಚಯಿಸಬೇಕಿಲ್ಲ. ಅದರ ಮಾರಕ ರೂಪವಾದ ಫಾಲ್ಸಿಪಾರಮ್ ಮಲೇರಿಯಾಕ್ಕೆ ಹಳೆಯ ಔಷಧಿಗಳು ನಾಟದಂತಾದಾಗ ನೆರವಿಗೆ ಬಂದದ್ದು ಚೀನಾದ ಆರ್ಟಿಮಿಸಿನಿನ್. ಇದರ ಸಂಶೋಧನೆಗಾಗಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನ ಬಂದುದು ನಿಮಗೆ ತಿಳಿದಿದೆ. ಅದರಿಂದ ತಯಾರಿಸಿದ ಆರ್ಟಿಸುನೇಟ್ ಎಂಬ ಸಂಯುಕ್ತ 1970ರ ದಶಕದಲ್ಲಿ ಚೀನಾದಲ್ಲೇ ಹುಟ್ಟಿತು. ಆ ದೇಶದಲ್ಲಿ ಆಗ ಪೇಟೆಂಟ್ ಕಾಯಿದೆಯೇ ಇರಲಿಲ್ಲ; ಅದು ಜಾರಿಗೆ ಬಂದದ್ದು 1985ರ ಏಪ್ರಿಲ್ 1ರಂದು. ಹೀಗಾಗಿ ಆರ್ಟಿಸುನೇಟ್ ಅಣುವಿಗೆ ಬೇಲಿಯೇ ಬೀಳಲಿಲ್ಲ.

ಈ ಅಂಶವನ್ನು ತುಸು ಗಮನಿಸಿ. ಬೌದ್ಧಿಕ ಸ್ವತ್ತಿನ ಕಳವು ಎಂದ ಕೂಡಲೇ ಯಾರೋ ಯಾರದೋ ಸೂತ್ರವನ್ನು ಕದ್ದರು ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ಇಲ್ಲಿ ಹಾಗಾಗಲಿಲ್ಲ. ಸೂತ್ರ ಬೀದಿಯಲ್ಲೇ ಬಿದ್ದಿತ್ತು, ಬೇಕಾದವರು ಎತ್ತಿಕೊಳ್ಳಬಹುದಿತ್ತು. ಕಳ್ಳರಿಗೆ ಅದು ಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ದಕ್ಷಿಣ ಚೀನಾದ ಗ್ವಿಲಿನ್ ನಗರದ ಔಷಧಿ ಕಂಪನಿಯ ಹೆಸರು. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್‌ಗಳ ಹಳ್ಳಿಗಳಲ್ಲಿ ಜ್ವರ ಬಂದವರು ನಂಬಿದ್ದುದು ಆ ಹೆಸರನ್ನು. ನಂಬಿಕೆಯನ್ನು ಕದ್ದರೆ ಸಾಕು, ಒಳಗೆ ಸುಣ್ಣದ ಪುಡಿ ತುಂಬಿದರೂ ಮಾರಾಟವಾಗುತ್ತದೆ.

ಕಂಪನಿಯ ಕಷ್ಟವನ್ನೂ ಹೇಳಬೇಕು. ವ್ಯಾಪಾರ ಚಿಹ್ನೆಯ ಹಕ್ಕು ನೋಂದಣಿಯಾದ ದೇಶದ ಗಡಿಯಾಚೆಗೆ ತಾನಾಗಿ ನಡೆಯುವುದಿಲ್ಲ. ಮಾರುಕಟ್ಟೆಯಿರುವ ಪ್ರತಿ ದೇಶದಲ್ಲೂ ಬೇರೆ ಬೇರೆಯಾಗಿ ನೋಂದಾಯಿಸಬೇಕು, ಬೇರೆ ಬೇರೆಯಾಗಿ ದೂರು ಕೊಡಬೇಕು. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ 1995ರಿಂದ ಜಾರಿಯಲ್ಲಿದೆ ನಿಜ. ಆದರೆ ನಕಲಿ ಆರ್ಟಿಸುನೇಟಿನ ಹಾವಳಿ ಶುರುವಾದ 1998ರಲ್ಲಿ ಚೀನಾವೂ ಅದರ ಸದಸ್ಯನಲ್ಲ (2001ರಲ್ಲಿ ಸೇರಿತು), ಕಾಂಬೋಡಿಯಾವೂ ಅಲ್ಲ (2004), ವಿಯೆಟ್ನಾಂ ಕೂಡ ಅಲ್ಲ (2007). ಲಾವೋಸ್ ಸೇರಿದ್ದು 2013ರಲ್ಲಿ. ಹೊರನಾಡಿನ ಕಾಯಿದೆಯನ್ನು ನಂಬಲಾಗದ ಕಂಪನಿ ಒಂದು ಭೌತಿಕ ಉಪಾಯಕ್ಕೆ ಮೊರೆಹೋಯಿತು: ಪೊಟ್ಟಣದ ಮೇಲೆ ಹಾಲೊಗ್ರಾಮ್ ಅಂಟಿಸಿತು.

ಚೌಕದೊಳಗಿನ ಭೌತವಿಜ್ಞಾನ

ಹಾಲೊಗ್ರಫಿಯ ತತ್ತ್ವವನ್ನು 1947ರಲ್ಲಿ ಡೆನ್ನಿಸ್ ಗಾಬರ್ ಕಂಡುಕೊಂಡರು. 1971ರ ನೊಬೆಲ್ ಬಹುಮಾನ ಅದಕ್ಕೇ. ಲೇಸರ್ ಬಂದ ಮೇಲೆ ಅದು ಪ್ರಯೋಗಶಾಲೆಯಲ್ಲಿ ಕೈಗೂಡಿತು. 1960ರ ದಶಕದ ಕೊನೆಯಲ್ಲಿ ಸ್ಟೀಫನ್ ಬೆಂಟನ್ ಅವರು ಬಿಳಿ ಬೆಳಕಿನಲ್ಲೇ ಕಾಣುವ 'ಕಾಮನಬಿಲ್ಲು ಹಾಲೊಗ್ರಾಮ್' ರೂಪಿಸಿದರು. ಇಂದು ನಾವು ಕಾಣುವ ಅಗ್ಗದ ಚೀಟಿಗಳೆಲ್ಲ ಅದರ ಸಂತಾನ. ಎರಡು ಬೆಳಕಿನ ಕಿರಣಗಳ ವ್ಯತಿಕರಣದಿಂದ ಉಂಟಾದ ಪಟ್ಟೆಗಳನ್ನು ಮೇಲ್ಮೈಯ ಏರುತಗ್ಗುಗಳಾಗಿ ಮಾರ್ಪಡಿಸುತ್ತಾರೆ. ಅದರ ಮೇಲೆ ವಿದ್ಯುತ್ ಲೇಪನದಿಂದ ನಿಕ್ಕಲ್ ಅಚ್ಚು ಬೆಳೆಸುತ್ತಾರೆ. ಆ ಅಚ್ಚನ್ನು ಕಾಯಿಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ಒತ್ತುತ್ತಾರೆ. ಹಾಳೆಗೆ ಅಲ್ಯೂಮಿನಿಯಮ್ ಲೇಪವಿರುವುದರಿಂದ ಹೊಳಪು. ಒಂದೇ ಅಚ್ಚಿನಿಂದ ಸಾವಿರಾರು ಚೀಟಿಗಳು.

ಏರುತಗ್ಗುಗಳ ಅಂತರವನ್ನು ನೀವೇ ಅಳೆಯಬಹುದು. ಒಂದು ರಟ್ಟಿನ ನಡುವೆ ಸಣ್ಣ ರಂಧ್ರ ಮಾಡಿ, ಅದನ್ನು ಹಾಲೊಗ್ರಾಮಿನಿಂದ 10 ಸೆಂ.ಮೀ. ದೂರದಲ್ಲಿ ಅದಕ್ಕೆ ಸಮಾಂತರವಾಗಿ ನಿಲ್ಲಿಸಿ. ಕೆಂಪು ಲೇಸರ್ ಪಾಯಿಂಟರಿನ ಕಿರಣವನ್ನು ರಂಧ್ರದ ಮೂಲಕ ನೇರವಾಗಿ ಬಿಡಿ. (ಕಿರಣ ಯಾರ ಕಣ್ಣಿಗೂ ತಾಗದಂತೆ ಉಪಾಧ್ಯಾಯರೇ ಇದನ್ನು ಮಾಡಬೇಕು.) ವಿವರ್ತನೆಗೊಂಡ ಬೆಳಕು ರಟ್ಟಿನ ಮೇಲೆ ರಂಧ್ರದ ಪಕ್ಕದಲ್ಲಿ ಚುಕ್ಕೆಯಾಗಿ ಬೀಳುತ್ತದೆ. ಚುಕ್ಕೆ ರಂಧ್ರದಿಂದ 7.5 ಸೆಂ.ಮೀ. ದೂರದಲ್ಲಿದ್ದರೆ ವಿವರ್ತನ ಕೋನದ ಸೈನ್ ಬೆಲೆ 7.5/12.5, ಅಂದರೆ 0.6. ತರಂಗದೂರ 650 ನ್ಯಾನೊಮೀಟರ್ ಎಂದುಕೊಂಡರೆ ಅಂತರ 650/0.6, ಸುಮಾರು 1,083 ನ್ಯಾನೊಮೀಟರ್. ಒಂದು ಮೈಕ್ರೊಮೀಟರಿಗಿಂತ ತುಸು ಹೆಚ್ಚು. ಸಿ.ಡಿ.ಯ ಸಾಲುಗಳ ಅಂತರ 1.6 ಮೈಕ್ರೊಮೀಟರ್ ಎಂಬುದನ್ನು ಹೋಲಿಸಿ ನೋಡಿ.

ಇಷ್ಟು ಸೂಕ್ಷ್ಮ ರಚನೆಯನ್ನು ನಕಲು ಮಾಡುವುದು ಕಷ್ಟ ಎಂಬ ನಂಬಿಕೆಯ ಮೇಲೆಯೇ ಇಡೀ ವ್ಯವಸ್ಥೆ ನಿಂತಿದೆ. ಆದರೆ ರಹಸ್ಯವೆಲ್ಲ ಮೇಲ್ಮೈಯ ಆಕಾರದಲ್ಲೇ ಇರುವುದರಿಂದ, ಅಸಲಿ ಚೀಟಿಯೇ ಕಳ್ಳನ ಕೈಗೆ ಸಿಕ್ಕ ಮಾದರಿಯಾಗುತ್ತದೆ. ಅದರಿಂದ ಮತ್ತೊಂದು ಅಚ್ಚು ತೆಗೆಯಲು ಯತ್ನಿಸಬಹುದು. ಅದೂ ಬೇಡವೆಂದರೆ, ಹಾಲೊಗ್ರಾಮ್ ತಯಾರಿಸುವ ಯಂತ್ರವಿರುವ ಯಾರಿಂದಲಾದರೂ ಸರಿಸುಮಾರು ಹಾಗೆಯೇ ಕಾಣುವ ಹೊಸ ಚಿತ್ರ ಮಾಡಿಸಬಹುದು. ಅದೂ ಬಣ್ಣ ಬದಲಿಸುತ್ತದೆ, ನಮ್ಮ ರಟ್ಟಿನ ಮೇಲೆ ಅದೂ ಚುಕ್ಕೆ ಬೀಳಿಸುತ್ತದೆ. ವಿವರ್ತನೆಯ ಸೂತ್ರಕ್ಕೆ ಚೀಟಿಯ ಮಾಲೀಕರು ಯಾರೆಂದು ತಿಳಿಯದು.

ಪ್ರಬಂಧದ ಲೇಖಕರು ಗುರುತಿಸಿದ ನಕಲಿ ಹಾಲೊಗ್ರಾಮುಗಳ ಬಗೆ ಒಟ್ಟು 16. ಮೊದಮೊದಲ ಕೆಲವು ಬರಿಯ ಮುದ್ರಿತ ಚೀಟಿಗಳು, ಅವನ್ನು ಹಾಲೊಗ್ರಾಮ್ ಎಂದು ಕರೆಯುವುದೇ ತಪ್ಪು. ಬರಬರುತ್ತ ನಕಲು ನಯವಾಯಿತು. ಅಸಲಿಯನ್ನು ಹೀಗೆ ಗುರುತಿಸಿ ಎಂದು ಆರೋಗ್ಯ ಇಲಾಖೆಗಳು ಹೊರಡಿಸುವ ಪ್ರಕಟಣೆಗಳನ್ನು ಕಳ್ಳರೂ ಓದುತ್ತಾರಷ್ಟೆ.

ಇನ್ನೊಂದು ಸಂಗತಿಯನ್ನು ಪ್ರಬಂಧ ಎತ್ತಿ ಹೇಳಬೇಕಿತ್ತು ಎಂದು ನನಗೆ ಅನಿಸುತ್ತದೆ. ಹಾಲೊಗ್ರಾಮ್ ಸ್ಪಷ್ಟವಾಗಿ ಕಾಣಲು ಬಿಸಿಲು ಅಥವಾ ಒಂಟಿ ದೀಪದಂಥ ಬಿಂದುಮೂಲದ ಬೆಳಕು ಬೇಕು. ಟ್ಯೂಬ್‌ಲೈಟಿನ ಕೆಳಗೆ, ಮೋಡ ಕವಿದ ಆಕಾಶದ ಕೆಳಗೆ, ಬೇರೆ ಬೇರೆ ದಿಕ್ಕಿನ ಕಿರಣಗಳು ಒಂದರ ಮೇಲೊಂದು ಬಿದ್ದು ಚಿತ್ರ ಕಲಸಿಹೋಗುತ್ತದೆ. ನಿಮ್ಮ ಕಾರ್ಡನ್ನು ಎರಡೂ ಬೆಳಕಿನಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮಳೆಗಾಲದಲ್ಲಿ ಹೆಚ್ಚುವ ರೋಗಕ್ಕೆ, ಮಬ್ಬು ಬೆಳಕಿನ ಅಂಗಡಿಯಲ್ಲಿ, ಜ್ವರದ ಮಗುವನ್ನು ಹೊತ್ತು ಬಂದ ತಾಯಿ ಕಾಮನಬಿಲ್ಲಿನ ಪರೀಕ್ಷೆ ನಡೆಸಬೇಕೆಂದು ನಿರೀಕ್ಷಿಸುವ ವ್ಯವಸ್ಥೆಯನ್ನು ಏನೆನ್ನೋಣ! ಅವಳ ಕೈಯಲ್ಲಿ ಹೋಲಿಸಲು ಅಸಲಿ ಚೀಟಿಯೂ ಇರುವುದಿಲ್ಲ.

ಪೊಟ್ಟಣ ಬಿಟ್ಟು ಮಾತ್ರೆಯ ಕಡೆಗೆ

ಪ್ರಬಂಧದ ನಿಜವಾದ ಹಿರಿಮೆಯಿರುವುದು ಅದು ಪೊಟ್ಟಣದಲ್ಲಿ ನಿಲ್ಲದೆ ಮಾತ್ರೆಯೊಳಗೆ ಇಳಿದದ್ದರಲ್ಲಿ. ಪರೀಕ್ಷೆಗೆ ಸಿಕ್ಕ ಮಾದರಿಗಳು 391: ಮ್ಯಾನ್ಮಾರ್‌ನಿಂದ 137, ಲಾವೋಸ್‌ನಿಂದ 115, ವಿಯೆಟ್ನಾಮಿನಿಂದ 75, ಕಾಂಬೋಡಿಯಾದಿಂದ 48, ಥಾಯ್-ಮ್ಯಾನ್ಮಾರ್ ಗಡಿಯಿಂದ 16. ಪೊಟ್ಟಣ ನೋಡಿ ನಕಲಿಯೆಂದು ಶಂಕಿಸಿದ 195 ಮಾದರಿಗಳನ್ನು ದ್ರವ ವರ್ಣರೇಖನ, ರಾಶಿರೋಹಿತ ಮಾಪನಗಳಿಂದ ಪರೀಕ್ಷಿಸಿದಾಗ ಆರ್ಟಿಸುನೇಟ್ ಇರಲೇ ಇಲ್ಲ, ಇಲ್ಲವೆ ಅತ್ಯಲ್ಪವಾಗಿತ್ತು. ಅಸಲಿ ಮಾತ್ರೆಯಲ್ಲಿ ಸುಮಾರು 50 ಮಿಲಿಗ್ರಾಂ ಇದ್ದರೆ ಇವುಗಳಲ್ಲಿ ಹೆಚ್ಚೆಂದರೆ 12. ಬದಲಿಗೆ ಇದ್ದುವು ಬೇರೆ ಔಷಧಿಗಳು: ಹಲವು ದೇಶಗಳು ನಿಷೇಧಿಸಿದ ಮೆಟಮಿಜೋಲ್, ಜೊತೆಗೆ ಕ್ಯಾನ್ಸರ್‌ಕಾರಕವಾದ ಸ್ಯಾಫ್ರೋಲ್. ಈ ಸ್ಯಾಫ್ರೋಲ್ 'ಎಕ್ಸ್ಟಸಿ' ಎಂಬ ಮಾದಕ ವಸ್ತುವಿನ ಕಚ್ಚಾ ಪದಾರ್ಥ. ಮಾದಕ ವಸ್ತು ತಯಾರಾಗುವ ಜಾಗದಲ್ಲೇ ಈ ಮಾತ್ರೆಗಳೂ ತಯಾರಾಗಿರಬಹುದೆಂಬ ಸಂಶಯಕ್ಕೆ ಇದು ಎಡೆಗೊಡುತ್ತದೆ.

ಕೆಲವು ನಕಲಿಗಳಲ್ಲಿ ಪ್ಯಾರಾಸಿಟಮಾಲ್ ಇತ್ತು. ಅದು ಜ್ವರವನ್ನು ಇಳಿಸುತ್ತದೆ, ರೋಗಾಣುವಿಗೆ ಏನೂ ಮಾಡದು. ಔಷಧಿ ಕೆಲಸ ಮಾಡುತ್ತಿದೆ ಎಂದು ರೋಗಿ ನಂಬುತ್ತಾನೆ. 2005ರ ಆರಂಭದಲ್ಲಿ ಪೂರ್ವ ಮ್ಯಾನ್ಮಾರ್‌ನಲ್ಲಿ 23 ವರ್ಷದ ಯುವಕನೊಬ್ಬ ಹೀಗೆ ತೀರಿಕೊಂಡ. ಆಸ್ಪತ್ರೆಯಲ್ಲಿ ಉಳಿದಿದ್ದ ಮಾತ್ರೆಗಳು ನಕಲಿಯೆಂದು ತಿಳಿದದ್ದು ಆಮೇಲೆ.

ಮಾತ್ರೆ ಎಲ್ಲಿಂದ ಬಂತು? ಇದನ್ನು ಪತ್ತೆ ಮಾಡಿದ ರೀತಿ ಪತ್ತೇದಾರಿ ಕಾದಂಬರಿಗಿಂತ ಸೊಗಸಾಗಿದೆ. ಮಾತ್ರೆಯನ್ನು ಒತ್ತುವಾಗ ಗಾಳಿಯಲ್ಲಿದ್ದ ಪರಾಗಕಣಗಳು ಅದರೊಳಗೆ ಸಿಕ್ಕಿಬೀಳುತ್ತವೆ. ನ್ಯೂಜಿಲೆಂಡಿನ ಪರಾಗ ತಜ್ಞರು ಮಾತ್ರೆಗಳನ್ನು ಕರಗಿಸಿ ಪರಾಗವನ್ನು ಬೇರ್ಪಡಿಸಿ, ಯಾವ ಸಸ್ಯಗಳದು, ಆ ಸಸ್ಯಗಳೆಲ್ಲ ಒಟ್ಟಾಗಿ ಬೆಳೆಯುವುದೆಲ್ಲಿ ಎಂದು ನೋಡಿದರು. ಇನ್ನೊಂದು ಕಡೆ, ಕೆಲವು ನಕಲಿ ಮಾತ್ರೆಗಳಲ್ಲಿ ತುಂಬುಪದಾರ್ಥವಾಗಿ ಕ್ಯಾಲ್ಸೈಟ್ ಖನಿಜ ಬಳಸಿದ್ದರು. ಸುಣ್ಣದಂಥ ಈ ಪುಡಿಯಲ್ಲಿ ಏನು ಗುರುತು ಸಿಗುತ್ತದೆ ಎನ್ನಬೇಡಿ. ಕ್ಯಾಲ್ಸೈಟ್ ರೂಪುಗೊಳ್ಳುವಾಗಿನ ಉಷ್ಣತೆಗೆ ಅನುಗುಣವಾಗಿ ಅದರಲ್ಲಿ ಆಕ್ಸಿಜನ್-18 ಮತ್ತು ಆಕ್ಸಿಜನ್-16 ಸಮಸ್ಥಾನಿಗಳ ಅನುಪಾತ ಬದಲಾಗುತ್ತದೆ. ಇದು ಸಮುದ್ರದಡಿಯ ಚಿಪ್ಪಿನ ಸುಣ್ಣವಲ್ಲ, ಭೂಗರ್ಭದ ಬಿಸಿನೀರಿನಿಂದ ಮೂಡಿದ್ದು ಎಂದು ಆ ಅನುಪಾತ ಹೇಳಿತು. ಅಂಥ ನಿಕ್ಷೇಪಗಳು ಎಲ್ಲೆಡೆ ಸಿಗುವುದಿಲ್ಲ. ಎಲ್ಲ ಸುಳಿವುಗಳೂ ಬೆರಳು ತೋರಿಸಿದ್ದು ಚೀನಾದ ಆಗ್ನೇಯ ಭಾಗದತ್ತ. ಅಂದರೆ ಹೊರನಾಡಿನ ಮಾರುಕಟ್ಟೆಯಲ್ಲಿ ಚೀನೀ ಕಂಪನಿಯ ಹೆಸರನ್ನು ಕೆಡಿಸುತ್ತಿದ್ದವರಲ್ಲಿ ಕೆಲವರಾದರೂ ಅದರ ಸ್ವಂತ ನೆಲದವರೇ.

ಈ ಸಾಕ್ಷ್ಯವನ್ನು ಮುಂದಿಟ್ಟಾಗ ಚೀನಾ ಸರ್ಕಾರ ಕೂಡಲೇ ಕ್ರಮ ಕೈಗೊಂಡಿತು. ಯುನ್ನಾನ್ ಪ್ರಾಂತದಲ್ಲಿ 2006ರಲ್ಲಿ ಬಂಧನಗಳಾದವು. 2,40,000 ಪೊಟ್ಟಣಗಳ ವ್ಯಾಪಾರ ನಡೆಸಿದ ಆರೋಪ ಒಬ್ಬನ ಮೇಲಿತ್ತು. ಅದರಲ್ಲಿ ವಶವಾದದ್ದು ಹತ್ತನೇ ಒಂದು ಪಾಲಿನಷ್ಟು. ಉಳಿದವು ಯಾರ ಹೊಟ್ಟೆ ಸೇರಿದವೋ. ಮೈಕ್ರೊಮೀಟರ್ ಗೀರುಗಳ ಬೇಲಿ ಮಾಡಲಾಗದ ಕೆಲಸವನ್ನು ಪರಾಗದ ಕಣ ಮಾಡಿತು ಎಂಬುದು ಭೌತವಿಜ್ಞಾನದವನಾದ ನಾನು ಒಪ್ಪಿಕೊಳ್ಳಬೇಕಾದ ಮಾತು.

ಶೇಕಡ 49.9 ಎಂದರೇನು?

ಪ್ರಬಂಧದ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. 391ರಲ್ಲಿ 195, ಅಂದರೆ ಶೇ. 49.9. ಈ ಸಂಖ್ಯೆ ಸಾರಾಂಶದಲ್ಲೇ ಆವರಣದೊಳಗೆ ಕುಳಿತಿದೆ. 'ಆಗ್ನೇಯ ಏಷ್ಯಾದ ಅರ್ಧದಷ್ಟು ಆರ್ಟಿಸುನೇಟ್ ನಕಲಿ' ಎಂದು ಅದನ್ನು ಓದಿಕೊಳ್ಳುವುದು ಬಹಳ ಸುಲಭ. ಆದರೆ ಇದು ಮಾರುಕಟ್ಟೆಯ ಅಳತೆಯಲ್ಲ. ಲೇಖಕರೇ 'ವಿಶ್ಲೇಷಣೆಗೆ ಲಭ್ಯವಿದ್ದ' ಮಾದರಿಗಳು ಎಂದಿದ್ದಾರೆ. ತನಿಖೆಗೆ ಬೇಕಾದುದರಿಂದ ಸಂಶಯ ಬಂದ ಕಡೆ ಹೆಚ್ಚು ಹುಡುಕುತ್ತಾರೆ, ಅಸಲಿಯನ್ನು ಹೋಲಿಕೆಗೆಂದು ಸೇರಿಸಿಕೊಳ್ಳುತ್ತಾರೆ. ಅವರು ಇನ್ನೂ ನೂರು ಅಸಲಿ ಪೊಟ್ಟಣ ಸೇರಿಸಿಕೊಂಡಿದ್ದರೆ ಈ ಶೇಕಡ 40ಕ್ಕೆ ಇಳಿಯುತ್ತಿತ್ತು. ದಶಮಾಂಶ ಬಿಂದುವಿನ ನಂತರದ ಆ 9ಕ್ಕೆ ಭೌತಿಕ ಅರ್ಥವೇ ಇಲ್ಲ. ಒಂದು ಸಾಲಿನ ಎಚ್ಚರಿಕೆಯನ್ನು ಸಾರಾಂಶದಲ್ಲೇ ಬರೆಯಬಹುದಿತ್ತು.

ಹಾಗಾದರೆ ಸರಿಯಾದ ಅಳತೆ ಹೇಗೆ? ನ್ಯೂಟನ್ ಅವರೂ ಭಾಗಿಯಾಗಿದ್ದ ಮತ್ತೊಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಲಾವೋಸಿನಲ್ಲಿ 180 ಔಷಧಾಂಗಡಿಗಳನ್ನು ಯಾದೃಚ್ಛಿಕವಾಗಿ ಆರಿಸಿ ಹೋದಾಗ ಆರ್ಟಿಸುನೇಟ್ ಮಾತ್ರೆ ಸಿಕ್ಕಿದ್ದು 25 ಅಂಗಡಿಗಳಲ್ಲಿ. ಅವುಗಳಲ್ಲಿ 22 ಅಂಗಡಿಗಳ ಮಾತ್ರೆ ನಕಲಿ: ಶೇ. 88. ಮಾದರಿ ಚಿಕ್ಕದು, ಆದರೆ ಆಯ್ಕೆ ಪ್ರಾಮಾಣಿಕ. ಅದರ ಅನಿಶ್ಚಿತತೆಯನ್ನೂ ಅವರು ಹೇಳುತ್ತಾರೆ: ಶೇ. 68ರಿಂದ 97. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ಪಠ್ಯಪುಸ್ತಕದ ಸಾಮಾನ್ಯ ಸೂತ್ರ ಹಾಕಿದರೆ 88ರ ಆಚೀಚೆ ಸುಮಾರು 12.7 ಬರುತ್ತದೆ, ಮೇಲಿನ ಮಿತಿ ನೂರನ್ನು ದಾಟುತ್ತದೆ! ಚಿಕ್ಕ ಮಾದರಿಗೆ ಆ ಸೂತ್ರ ಏಕೆ ಒಗ್ಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡನೆಯ ಆಕ್ಷೇಪ ಚಿಕ್ಕದು. ನಕಲಿ ಮಾತ್ರೆಗಳಿಂದ ರೋಗಾಣು ಔಷಧನಿರೋಧಕವಾಗಬಹುದು ಎಂಬ ಆತಂಕವನ್ನು ಪ್ರಬಂಧ ವ್ಯಕ್ತಪಡಿಸುತ್ತದೆ. ಔಷಧಿಯೇ ಇಲ್ಲದ ಮಾತ್ರೆ ನಿರೋಧವನ್ನು ಬೆಳೆಸಲಾರದು. ಬೆಳೆಸುವುದು ಅರೆಬರೆ ಔಷಧಿಯಿರುವ ಮಾತ್ರೆ. ರೋಗಿಯನ್ನು ಎರಡೂ ಕೊಲ್ಲಬಹುದು, ಸಮುದಾಯಕ್ಕೆ ಮಾಡುವ ಹಾನಿ ಮಾತ್ರ ಬೇರೆ ಬೇರೆ. ಸೊನ್ನೆಯನ್ನೂ 12 ಮಿಲಿಗ್ರಾಮನ್ನೂ ಒಂದೇ ಬುಟ್ಟಿಗೆ ಹಾಕದೆ ಬಿಡಿಸಿ ಚರ್ಚಿಸಬೇಕಿತ್ತು.

ಕಾಯಿದೆಗೆ ಕಾಣುವುದು, ರೋಗಿಗೆ ಬೇಕಾದುದು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಮೆರಿಕದ ಮೈಕೇಲ್ ಗ್ರೀನ್ ಮತ್ತು ಸಂಗಡಿಗರು ಆರ್ಟಿಸುನೇಟಿಗೆಂದು ಅಗ್ಗದ ಬಣ್ಣದ ಪರೀಕ್ಷೆಯೊಂದನ್ನು ರೂಪಿಸಿದ್ದರು. ಮಾತ್ರೆಯ ಪುಡಿಯನ್ನು ಕ್ಷಾರದೊಡನೆ ವಿಘಟಿಸಿ, 'ಫಾಸ್ಟ್ ರೆಡ್ ಟಿ.ಆರ್.' ಎಂಬ ಬಣ್ಣದ ಲವಣ ಸೇರಿಸಿದರೆ, ಆರ್ಟಿಸುನೇಟ್ ಇದ್ದಲ್ಲಿ ದ್ರಾವಣ ಹಳದಿಯಾಗುತ್ತದೆ. ಒಂದು ಕ್ಷಣ ಊಹಿಸಿ: ಬೇರೊಂದು ಕಾರ್ಖಾನೆ ಶುದ್ಧ ಆರ್ಟಿಸುನೇಟನ್ನು ಸರಿಯಾದ ಪ್ರಮಾಣದಲ್ಲಿ ತುಂಬಿ, ಕದ್ದ ಹೆಸರಿನ ಪೊಟ್ಟಣದಲ್ಲಿ ಮಾರಿತು. ಹಳದಿ ಬಣ್ಣ ಬಂದೇ ಬರುತ್ತದೆ. ರೋಗಿ ಗುಣವಾಗುತ್ತಾನೆ, ಕಂಪನಿಗೆ ಮಾತ್ರ ನಷ್ಟ. ಈಗ ತಿರುಗಿಸಿ: ಅಸಲಿ ಕಂಪನಿಯ ಮಾತ್ರೆ ಕೆಟ್ಟ ತಯಾರಿಕೆಯಿಂದಲೋ ಸೆಕೆಯಲ್ಲಿ ಇಟ್ಟದ್ದರಿಂದಲೋ ಸತ್ತ್ವ ಕಳೆದುಕೊಂಡಿದೆ. ಹಾಲೊಗ್ರಾಮ್ ಥಳಥಳಿಸುತ್ತಿದೆ. ಕಂಪನಿಯ ಹಕ್ಕಿಗೆ ಭಂಗವಿಲ್ಲ, ಕಷ್ಟವೆಲ್ಲ ರೋಗಿಯದು. ಹಾಲೊಗ್ರಾಮ್ ಹೇಳುವುದು 'ಯಾರು ಮಾಡಿದ್ದು' ಎಂಬುದನ್ನು, ಬಣ್ಣದ ಪರೀಕ್ಷೆ ಹೇಳುವುದು 'ಏನಿದೆ' ಎಂಬುದನ್ನು. ಇವು ಎರಡು ಬೇರೆ ಅಳತೆಗಳು, ಉದ್ದ ಮತ್ತು ತೂಕ ಬೇರೆಯಾದಂತೆ.

ಕಾಯಿದೆಯ ಕಣ್ಣಿರುವುದು ಮೊದಲನೆಯದರ ಮೇಲೆ. ಟ್ರಿಪ್ಸ್ ಒಪ್ಪಂದದ 51ನೆಯ ವಿಧಿಗೆ ಕೊಟ್ಟ ವ್ಯಾಖ್ಯೆಯಲ್ಲಿ ನಕಲಿ ಸರಕು ಎಂದರೆ ನೋಂದಾಯಿತ ಚಿಹ್ನೆಯನ್ನು ಅನುಮತಿಯಿಲ್ಲದೆ ಹೊತ್ತ ಸರಕು. ಒಳಗೇನಿದೆ ಎಂಬ ಮಾತು ಅದರಲ್ಲಿಲ್ಲ. ಸರಕಿನ ವ್ಯಾಪಾರಕ್ಕೆ ಇದು ಸಾಕಾಗಬಹುದು. ಆದರೆ ಔಷಧಿಯ ವಿಷಯದಲ್ಲಿ ಎರಡು ಅಳತೆಗಳನ್ನು ಕಲಸಿದಾಗ ಏನಾಗುತ್ತದೆ ಎಂಬ ಅನುಭವ ನಮ್ಮ ದೇಶಕ್ಕೇ ಆಯಿತು. 2008ರ ಡಿಸೆಂಬರಿನಲ್ಲಿ ಡಾ. ರೆಡ್ಡೀಸ್ ಕಂಪನಿ ಬ್ರೆಜಿಲ್‌ಗೆ ಕಳಿಸಿದ್ದ, ರಕ್ತದೊತ್ತಡದ ಔಷಧಿ ಲೊಸಾರ್ಟನ್ ಅನ್ನು ನೆದರ್ಲೆಂಡ್ಸಿನ ಕಸ್ಟಮ್ಸ್ ತಡೆಹಿಡಿಯಿತು. ಭಾರತದಲ್ಲಿ ಅದಕ್ಕೆ ಪೇಟೆಂಟ್ ಇರಲಿಲ್ಲ, ಬ್ರೆಜಿಲ್‌ನಲ್ಲೂ ಇರಲಿಲ್ಲ. ದಾರಿಯಲ್ಲಿ ಸಿಕ್ಕ ದೇಶದಲ್ಲಿತ್ತು. ಮರುವರ್ಷ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಭಾರತದಿಂದ ವನುವಾಟು ದ್ವೀಪಕ್ಕೆ ಹೊರಟಿದ್ದ ಅಮಾಕ್ಸಿಸಿಲಿನ್ ನಿಂತುಹೋಯಿತು. ಆ ಹೆಸರು 'ಅಮಾಕ್ಸಿಲ್' ಎಂಬ ವ್ಯಾಪಾರ ಚಿಹ್ನೆಯನ್ನು ಹೋಲುತ್ತದೆ ಎಂಬುದು ಸಂಶಯ. ಅಮಾಕ್ಸಿಸಿಲಿನ್ ಎಂಬುದು ಆ ವಸ್ತುವಿನ ಅಂತರರಾಷ್ಟ್ರೀಯ ಸಾಮಾನ್ಯ ನಾಮ! ಉಪ್ಪಿನ ಚೀಲದ ಮೇಲೆ ಉಪ್ಪು ಎಂದು ಬರೆದದ್ದಕ್ಕೆ ತಡೆದಂತಾಯಿತು. ಭಾರತ ಮತ್ತು ಬ್ರೆಜಿಲ್ 2010ರ ಮೇ ತಿಂಗಳಿನಲ್ಲಿ ಇಂಥ ತಡೆಗಳ ವಿಷಯವನ್ನು ವಿಶ್ವ ವ್ಯಾಪಾರ ಸಂಸ್ಥೆಯ ಮುಂದಿಟ್ಟವು.

ವಿಶ್ವ ಆರೋಗ್ಯ ಸಂಸ್ಥೆ ಪದಗಳನ್ನು ಬಿಡಿಸಿಕೊಂಡದ್ದು 2017ರಲ್ಲಿ. ಅಲ್ಲಿಂದಾಚೆಗೆ ಅದು ಔಷಧಿಗಳಿಗೆ 'ಕಳಪೆ' ಮತ್ತು 'ಸುಳ್ಳು ಗುರುತಿನ' ಎಂಬ ಅರ್ಥದ ಎರಡು ಪದಗಳನ್ನು ಬಳಸುತ್ತದೆ. ಚಿಹ್ನೆಯ ಹಕ್ಕನ್ನು ಸೂಚಿಸುವ ಹಳೆಯ ಪದವನ್ನು ಕೈಬಿಟ್ಟಿದೆ. ನಮ್ಮ ಪ್ರಬಂಧ ಅದಕ್ಕೆ ಒಂಬತ್ತು ವರ್ಷ ಮುಂಚಿನದು, ಆ ಹಳೆಯ ಪದವೇ ಅದರ ಉದ್ದಕ್ಕೂ ಇದೆ. ಲೇಖಕರ ಕಾಳಜಿ ರೋಗಿಯ ಕಡೆಗಿದ್ದರೂ ಭಾಷೆ ಕಂಪನಿಯ ಕಡೆಗೆ ವಾಲಿದೆ. ಇನ್ನೊಂದು ತೊಡಕನ್ನೂ ಗಮನಿಸಬೇಕು. ತಮ್ಮ ಔಷಧಿಯ ನಕಲು ಪತ್ತೆಯಾದಾಗ ಕಂಪನಿಗಳು ಮಾರಾಟ ಕುಸಿದೀತೆಂಬ ಭಯದಿಂದ ಸುಮ್ಮನಿರುವುದುಂಟು ಎಂದು ನ್ಯೂಟನ್ ಮತ್ತು ಸಂಗಡಿಗರೇ 2005ರ ಲೇಖನವೊಂದರಲ್ಲಿ ದೂರಿದ್ದರು. ಆ ತೀಕ್ಷ್ಣತೆ ಇಲ್ಲಿ ಮಂದವಾಗಿದೆ. ಪೊಲೀಸರೊಡನೆ, ಸರ್ಕಾರಗಳೊಡನೆ ಕೂಡಿ ಬರೆಯುವಾಗ ಬರುವ ಸಂಕೋಚವೇನೋ.

ಆ ನಕಲಿಗಳು ಮುಂದೆ ಏನಾದವು? ಬಂಧನಗಳ ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಆರ್ಟಿಸುನೇಟನ್ನು ಒಂಟಿ ಮಾತ್ರೆಯಾಗಿ ಕೊಡಬಾರದು, ಬೇರೊಂದು ಔಷಧಿಯ ಜೊತೆಗೂಡಿಸಿ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಒತ್ತಾಯಿಸಿತು. ನಕಲಾಗುತ್ತಿದ್ದ ಮಾತ್ರೆಯೇ ಕ್ರಮೇಣ ಹಿಂದೆ ಸರಿಯಿತು. 2015ರಲ್ಲಿ ಪ್ರಕಟವಾದ ಕಾಂಬೋಡಿಯಾದ ಸಮೀಕ್ಷೆಯೊಂದರಲ್ಲಿ ಮಲೇರಿಯಾ ಔಷಧಿಗಳ 291 ಮಾದರಿಗಳನ್ನು ಪರೀಕ್ಷಿಸಿದಾಗ ಸುಳ್ಳು ಗುರುತಿನದು ಒಂದೂ ಸಿಗಲಿಲ್ಲ. ಆದರೆ ಸುಮಾರು ಮೂರನೇ ಒಂದು ಪಾಲಿನ ಮಾದರಿಗಳಲ್ಲಿ ಔಷಧಿಯ ಪ್ರಮಾಣ ಇರಬೇಕಾದ ಮಿತಿಯಲ್ಲಿರಲಿಲ್ಲ. ಅವುಗಳ ಪೊಟ್ಟಣಗಳನ್ನು ಎಷ್ಟೇ ಒಳ್ಳೆಯ ಬೆಳಕಿನಲ್ಲಿ ಹಿಡಿದು ನೋಡಿದರೂ ಅದು ತಿಳಿಯುತ್ತಿರಲಿಲ್ಲ.